ನನ್ನ ಗಂಡ ಸತ್ತ ಬುಧವಾರ

ನನ್ನ ಗಂಡ ತೀರಿಕೊಂಡ ಸುದ್ದಿಯನ್ನು ನನಗೆ ಮೊದಲು ಹೇಳಿದವಳು ಸಂತೆಯಲ್ಲಿ ನನ್ನ ಪಕ್ಕ ಕೂತು ಟೊಮೆಟೊ ಮಾರುವ ಅಡ್ವೋವಾ. ಬುಧವಾರ, ಬೆಳಗಿನ ಹನ್ನೊಂದು ಗಂಟೆ. ನಾನು ಹೊಗೆಮೀನನ್ನು ತಟ್ಟೆಯಲ್ಲಿ ದೊಡ್ಡದು ಮೇಲೆ, ಚಿಕ್ಕದು ಕೆಳಗೆ ಮಾಡಿ ಜೋಡಿಸುತ್ತಿದ್ದೆ. ಫೋನು ನೋಡುತ್ತ ಕೂತಿದ್ದವಳು ದಡಕ್ಕನೆ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

"ದುಯೇ, ತಿವಾ. ದುಯೇ," ಎಂದಳು.

ಸಾವಿನ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ನಾವು ಆ ಮಾತು ಆಡುವುದಿಲ್ಲ.

"ಯಾರಿಗೆ ಏನಾಯ್ತೇ?"

"ಅಯ್ಯೋ, ನಿಂಗಿನ್ನೂ ಗೊತ್ತಿಲ್ವಾ? ಗಂಡ ಹೋದ್ರೂ ಮೀನು ಮಾರ್ತಾ ಕೂತಿದಾಳಲ್ಲ, ಎಂಥ ಗಟ್ಟಿಗಿತ್ತಿ ಇವಳು ಅಂದ್ಕೊಂಡಿದ್ದೆ ಕಣೇ."

ಫೋನನ್ನು ನನ್ನ ಮುಖಕ್ಕೆ ಹಿಡಿದಳು. ಅದರಲ್ಲಿ ನನ್ನ ಗಂಡ ಕ್ವಾಕು ಬಾದು ಇದ್ದರು. ಈಸ್ಟರ್ ಹಬ್ಬದ ದಿನ ತೆಗೆದ ಫೋಟೊ, ಹೆಗಲ ಮೇಲೆ ನಾನೇ ಇಸ್ತ್ರಿ ಮಾಡಿಕೊಟ್ಟ ದೊಡ್ಡ ಬಟ್ಟೆ. ಮೇಲೊಂದು ಕಪ್ಪು ಪಟ್ಟಿ, ಕೆಳಗೊಂದು ಕೆಂಪು ಪಟ್ಟಿ. 'ದೇವರು ಕರೆದರು, ಅವರು ಹೊರಟರು.' ವಯಸ್ಸು ಅರವತ್ತೇಳು. ಲಾರಿ ಫಿಟ್ಟರ್. ತಾಫೋ, ಕುಮಾಸಿ. ವಿಧವೆ: ಅಬೆನಾ ತಿವಾ. ಮಗಳು: ಫ್ರೇಮಾ. ಅಕ್ಕ: ಅಚಿಯಾ. ಉತ್ತರಾಧಿಕಾರಿ: ಸೋದರಳಿಯ ಅದುಸೇ. ಆಮೇಲೆ ಅಣ್ಣತಮ್ಮಂದಿರು, ಚಿಕ್ಕಮ್ಮಂದಿರು, ಅವರ ಮಕ್ಕಳು, ಒಟ್ಟು ಇಪ್ಪತ್ತಾರು ಹೆಸರು. ಒಂದರಲ್ಲೂ ತಪ್ಪಿಲ್ಲ.

ಬಾದು ಸೋಮವಾರ ತೆಚಿಮಾನ್ ಆಚೆಯ ಒಂದು ಹಳ್ಳಿಗೆ ಹೋಗಿದ್ದರು. ಹಳೆಯ ಗೆಳೆಯನ ಜೋಳದ ಗಿರಣಿಯ ಎಂಜಿನ್ ಕೆಟ್ಟಿತ್ತು. ಮಂಗಳವಾರದಿಂದ ಅವರ ಫೋನು ಸಿಕ್ಕಿರಲಿಲ್ಲ. ಚಾರ್ಜ್ ಮುಗಿದಿರಬೇಕು ಎಂದುಕೊಂಡು ನಾನು ಹೊಟ್ಟೆ ತುಂಬ ಉಂಡು ಮಲಗಿದ್ದೆ. ಅದನ್ನು ನೆನೆದೇ ನನಗೆ ಅಳು ಒತ್ತರಿಸಿ ಬಂತು. ಮೀನಿನ ತಟ್ಟೆ ಅಲ್ಲೇ ಬಿಟ್ಟು ವ್ಯಾನು ಹತ್ತಿದೆ. ಬಲಗಾಲಿನ ಚಪ್ಪಲಿ ಎಲ್ಲಿ ಬಿತ್ತೋ ಇವತ್ತಿಗೂ ಗೊತ್ತಿಲ್ಲ.

ಮನೆಯಲ್ಲಿ ಫ್ರೇಮಾ ಊಟದ ಮೇಜಿನ ಮುಂದೆ ಕೂತು, ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಲ್ಯಾಪ್‌ಟಾಪಿನ ಕೀಲಿ ಕುಟ್ಟುತ್ತಿದ್ದಳು.

ನನ್ನ ಮಗಳ ಕೆಲಸವೇನು ಎಂದು ಯಾರಾದರೂ ಕೇಳಿದರೆ ನಾನು 'ಕಂಪ್ಯೂಟರ್' ಎಂದು ಹೇಳಿ ಮಾತು ಮುಗಿಸುತ್ತೇನೆ. ಕಂಡವರಿಗೆಲ್ಲ ವೆಬ್‌ಸೈಟ್ ಮಾಡಿಕೊಡುವುದು ಅವಳ ಉದ್ಯೋಗ. ಆಫೀಸಿಲ್ಲ, ಸಾಹೇಬನಿಲ್ಲ, ಸಂಬಳವಿಲ್ಲ. ನನ್ನ ಊಟದ ಮೇಜೇ ಅವಳ ಆಫೀಸು. ಸಾಹೇಬರು ಮಾತ್ರ ಹತ್ತು ಜನ, ಎಲ್ಲರೂ ಫೋನಿನಲ್ಲಿ. ಒಬ್ಬ ಹೆಡ್‌ಮಾಸ್ಟರಿಗೆ ಶಾಲೆಯ ಕಟ್ಟಡಕ್ಕಿಂತ ತನ್ನ ಫೋಟೊ ದೊಡ್ಡದಾಗಿ ಕಾಣಬೇಕು. ಒಬ್ಬ ಪಾದ್ರಿಗೆ ಪುಟ ತೆರೆದ ಕೂಡಲೇ ಗಂಟೆ ಬಾರಿಸಬೇಕು. 'ಸಣ್ಣ ಬದಲಾವಣೆ, ಎರಡೇ ನಿಮಿಷ' ಎಂದು ಕೇಳಿ ಎರಡು ದಿನದ ಕೆಲಸ ಹಚ್ಚುತ್ತಾರೆ. ಅವರ ಕಾಟ ತಡೆಯಲಾರದೆ ಕೆಲಸ ಮಾಡುವಾಗ ಅವಳು ಫೋನನ್ನು ಬೋರಲು ಹಾಕಿರುತ್ತಾಳೆ. ಆವತ್ತೂ ಹಾಕಿದ್ದಳು. ಅದರಲ್ಲಿ ನೂರಾ ನಲವತ್ತು ಕರೆ ಬಂದು ಹೋಗಿದ್ದವು.

ನಾನು ಹೆಡ್‌ಫೋನು ಕಿತ್ತು ಎಸೆದೆ.

"ನಿಮ್ಮಪ್ಪ ಹೋಗ್ಬಿಟ್ರು ಕಣೇ. ಊರಿಗೆಲ್ಲ ಗೊತ್ತಾಗಿದೆ, ನಾವಿಬ್ರೇ ಮೂರ್ಖರು."

ಅವಳು ಬೆಚ್ಚಿಬಿದ್ದು ಎದ್ದಳು. ನನ್ನ ಫೋನಿಗೂ ಆ ಪುಟ ಬಂದಿತ್ತು, ತೋರಿಸಿದೆ. ಒಂದು ಗಳಿಗೆ ನೋಡಿದಳು. ಅವಳ ಮುಖ ಬೂದಿಬಣ್ಣಕ್ಕೆ ತಿರುಗಿತು.

"ಅಮ್ಮ, ಇದು ನಾನು ಮಾಡಿದ್ದು."

"ಏನು ಮಾಡಿದ್ದು?"

"ಈ ಪುಟ. ಅಪ್ಪಂಗೆ ಏನೂ ಆಗಿಲ್ಲ. ಇದು ಬರೀ ಪರೀಕ್ಷೆಗೆ ಅಂತ ಹಾಕಿದ್ದು."

ಶವಪೆಟ್ಟಿಗೆ ಅಂಗಡಿಯ ಬೆದಿಯಾಕೊ ಸಾವಿನ ಪ್ರಕಟಣೆಗಳಿಗೊಂದು ವೆಬ್‌ಸೈಟ್ ಮಾಡಿಸುತ್ತಿದ್ದ. ಗೋಡೆಗೆ ಅಂಟಿಸುವ ಪೋಸ್ಟರು ಫೋನಿನಲ್ಲೇ ಬರಬೇಕು, ನೋಡಿದವರು ಅಲ್ಲೇ ಸಂತಾಪ ಬರೆಯಬೇಕು, ಹೆಸರು ತಪ್ಪಿದ್ದರೆ ಮನೆಯವರು ಅಲ್ಲೇ ತಿದ್ದುಪಡಿ ಕೇಳಬೇಕು.

"ಹೆಸರಿನ ಪಟ್ಟಿ ಉದ್ದ ಇದ್ರೆ ಚಿಕ್ಕ ಫೋನಲ್ಲಿ ಸಾಲು ಕೆಡುತ್ತಾ ಅಂತ ನೋಡ್ಬೇಕಿತ್ತಮ್ಮ," ಎಂದಳು ಫ್ರೇಮಾ. "ಸುಳ್ಳು ಹೆಸರು ಹಾಕಿದ್ರೆ ಬೆದಿಯಾಕೊ ಒಪ್ಪಲ್ಲ, ಒಂದು ಮನೆತನದ ಥರ ಕಾಣ್ಬೇಕು ಅಂತಾರೆ. ಇಪ್ಪತ್ತಾರು ಹೆಸರು ನಂಗೆ ಬಾಯಿಪಾಠ ಇರೋದು ನಮ್ಮನೇದೊಂದೇ. ನೋಡಿ ಹೇಳಿ, ಆಮೇಲೆ ಅಳಿಸ್ತೀನಿ ಅಂತ ಅವರೊಬ್ರಿಗೇ ಕಳಿಸಿದ್ದೆ."

ಬೆದಿಯಾಕೊ ಅದನ್ನು ನೋಡಿ ಖುಷಿಯಾಗಿ, 'ನಮ್ಮ ಹೊಸ ಸೇವೆ ನೋಡಿರಿ' ಎಂದು ತನ್ನ ಹನ್ನೆರಡು ವಾಟ್ಸಾಪ್ ಗುಂಪುಗಳಿಗೆ ಹಾಕಿದ್ದ. ಸೇವೆಯನ್ನು ಯಾರು ನೋಡುತ್ತಾರೆ? ಜನ ಸತ್ತವರನ್ನು ನೋಡಿದರು.

ಅವಳಿಗೆ ಮೂವತ್ತೊಂದು ವರ್ಷ. ಚಿಕ್ಕವಳಿದ್ದಾಗಲೂ ಅವಳ ಮೇಲೆ ಕೈ ಮಾಡಿದವಳಲ್ಲ ನಾನು. ಆವತ್ತು ಕೆನ್ನೆಗೆ ಬಿಟ್ಟೆ. ಬಿಟ್ಟು, ಅವಳನ್ನೇ ತಬ್ಬಿಕೊಂಡು ಗೋಳೋ ಎಂದು ಅತ್ತೆ. ಗಂಡ ಬದುಕಿದ್ದಾರೆಂಬ ಸಂತೋಷಕ್ಕೆ ಅತ್ತೆನೋ, ಬದುಕಿದ್ದವರನ್ನು ಸತ್ತವರ ಪಟ್ಟಿಗೆ ಸೇರಿಸಿದಳಲ್ಲ ಎಂಬ ಭಯಕ್ಕೆ ಅತ್ತೆನೋ ಹೇಳಲಾರೆ.

ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಗೇಟಿನ ಮುಂದೆ ಎರಡು ವ್ಯಾನು ನಿಂತವು. ಸಾವಿಗೆ ಉಡುವ ಕೆಂಪು, ಕಪ್ಪು ಬಟ್ಟೆಯ ಹದಿನೆಂಟು ಜನ ಇಳಿದರು. ಮುಂದೆ ನನ್ನ ಗಂಡನ ಅಕ್ಕ ಅಚಿಯಾ, ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡು. "ನನ್ನ ತಮ್ಮಾ, ನನ್ನ ಬೆನ್ನ ಮೇಲೆ ಹೊತ್ತು ಸಾಕಿದೆನಲ್ಲೋ ನಿನ್ನ," ಎಂದು ಅಳುತ್ತ ಅಂಗಳಕ್ಕೆ ಬಂದಳು. ಅವಳ ಹಿಂದೆ ಮಗ ಅದುಸೇ. ಅವನ ಕೈಯಲ್ಲಿ ಮೂರು ಹೊಸ ಬೀಗಗಳಿದ್ದವು, ಇನ್ನೂ ಪ್ಲಾಸ್ಟಿಕ್ ಬಿಚ್ಚಿರಲಿಲ್ಲ.

ನಮ್ಮಲ್ಲಿ ಗಂಡಸಿನ ಆಸ್ತಿ ಹೋಗುವುದು ಅವನ ಅಕ್ಕನ ಮಗನಿಗೆ. ಹೆಂಡತಿ ಮಕ್ಕಳು ಬೇರೆ ಮನೆತನ. ಕಾನೂನು ಈಗ ಬೇರೆ ಹೇಳುತ್ತದಂತೆ, ಆದರೆ ಕಾನೂನು ವ್ಯಾನು ಹತ್ತಿ ಬರುವಷ್ಟರಲ್ಲಿ ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಬಾದು ಎಂಟು ಕೋಣೆಯ ಈ ಮನೆಯನ್ನು ಒಂದೊಂದೇ ಕೋಣೆ ಮಾಡಿ ಇಪ್ಪತ್ತು ವರ್ಷ ಕಟ್ಟಿದರು. ನಾನು ಮೀನು ಮಾರಿ ಸಿಮೆಂಟು ತಂದೆ. ಒಂದು ಕಾಗದ ಬರೆಸಿಡಿ ಎಂದು ನಾನು ಎಷ್ಟು ವರ್ಷದಿಂದ ಅಂಗಲಾಚಿದ್ದೇನೋ, ಅಷ್ಟು ವರ್ಷದಿಂದ ಅವರು "ನಾನೇನು ನಾಳೆ ಸಾಯ್ತೀನಾ?" ಎನ್ನುತ್ತ ಬಂದಿದ್ದರು.

"ಅಕ್ಕಾ, ಅವರು ಸತ್ತಿಲ್ಲ," ಎಂದೆ.

ಅಚಿಯಾಳ ಅಳು ತಟ್ಟನೆ ನಿಂತಿತು. "ಏನಂದೆ?"

"ಅತ್ತೆ, ತಪ್ಪಾಗಿದೆ. ಆ ಪುಟ ನಾನೇ ಮಾಡಿದ್ದು," ಎಂದಳು ಫ್ರೇಮಾ.

"ನೀನೇ ಮಾಡಿದ್ದಾ? ಮನೆತನದ ಹಿರಿಯರಿಗೆ ಜಿನ್ನಿನ ಬಾಟಲಿ ತಂದು ಸಾವು ತಿಳಿಸೋಕೆ ಮುಂಚೆ ಊರ ಫೋನಿಗೆಲ್ಲ ನೀನೇ ಹಾಕಿದ್ಯಾ? ನಮ್ಮಿಂದ ಮುಚ್ಚಿಟ್ಟು ಏನು ಸಾಗಿಸ್ತಾ ಇದ್ರಿ ತಾಯಿ ಮಗಳು?"

"ಸತ್ತೇ ಇಲ್ಲ ಅಂತಿದೀವಲ್ಲ."

"ಹಾಗಾದ್ರೆ ಎಲ್ಲಿದಾನೆ? ಫೋನ್ ಹಚ್ಚು, ಮಾತಾಡ್ತೀನಿ."

ಫ್ರೇಮಾ ಫೋನು ಹಚ್ಚಿದಳು. ನೀವು ಕರೆ ಮಾಡಿದವರು ಸಿಗುತ್ತಿಲ್ಲ ಎಂದು ಆ ಹೆಂಗಸಿನ ಧ್ವನಿ ಹೇಳಿತು. ಮತ್ತೆ ಹಚ್ಚಿದಳು, ಮತ್ತೆ ಅದೇ.

"ಯಾವ ಶವಾಗಾರದಲ್ಲಿ ಇಟ್ಟಿದೀರಿ, ಅದನ್ನಾದ್ರೂ ಹೇಳಿ ಅತ್ತೆ," ಎಂದ ಅದುಸೇ. ಅವನ ದನಿ ಮೆತ್ತಗಿತ್ತು, ಅದೇ ನನಗೆ ಇನ್ನೂ ಹೆದರಿಕೆ ಹುಟ್ಟಿಸಿತು. ನಾನು ಬಾಗಿಲಿಗೆ ಅಡ್ಡ ನಿಂತೆ. ಇಬ್ಬರು ಹೆಂಗಸರು ನನ್ನ ತೋಳು ಹಿಡಿದು ಪಕ್ಕಕ್ಕೆ ಕೂರಿಸಿದರು. ಒಬ್ಬಳು ನನ್ನ ಬೆನ್ನು ಸವರುತ್ತ ಸಮಾಧಾನ ಹೇಳುತ್ತಿದ್ದಳು, ಇನ್ನೊಬ್ಬಳು ನನ್ನ ಸೊಂಟದಲ್ಲಿದ್ದ ಕೀಲಿಗೊಂಚಲು ಬಿಚ್ಚುತ್ತಿದ್ದಳು. ಬಾದು ಮಲಗುವ ಕೋಣೆ, ಸಾಮಾನಿನ ಕೋಣೆ, ಮುಂದಿನ ಹಾಲ್, ಮೂರಕ್ಕೂ ಬೀಗ ಬಿತ್ತು. ಫ್ರೇಮಾಳ ಲ್ಯಾಪ್‌ಟಾಪು ಹಾಲಿನಲ್ಲೇ ಉಳಿಯಿತು. ಆ ಪುಟ ಅಳಿಸಬೇಕೆಂದರೆ ಅದೇ ಬೇಕು, ಕೊಡಿ ಎಂದು ಅವಳು ಅದುಸೇಯ ಕಾಲು ಹಿಡಿದರೂ ಕೊಡಲಿಲ್ಲ. ಮನೆಯಿಂದ ಒಂದು ಕಡ್ಡಿಯೂ ಹೊರಹೋಗಬಾರದು ಎಂದ.

ನಾಲ್ಕು ಗಂಟೆಗೆ ಬಾದು ಹೆಗಲ ಮೇಲೆ ಗೆಣಸಿನ ಚೀಲ ಹೊತ್ತುಕೊಂಡು ಗೇಟು ತಳ್ಳಿ ಒಳಗೆ ಬಂದರು.

ಒಬ್ಬ ಮುದುಕ ಕೂತ ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದ. ಬಾದು ಒಬ್ಬೊಬ್ಬರ ಮುಖವನ್ನೂ ನೋಡಿದರು, ಅವರ ಬಟ್ಟೆಯ ಬಣ್ಣ ನೋಡಿದರು.

"ಯಾರು ಹೋದ್ರು?" ಎಂದು ಕೇಳಿದರು.

ಅವರು ಚೀಲ ಇಳಿಸಿ ಕೈ ತೊಳೆಯಲೆಂದು ಒಳಗೆ ಹೊರಟರು. ತಮ್ಮ ಕೋಣೆಯ ಬಾಗಿಲ ಮುಂದೆ ನಿಂತರು. ಬೀಗವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು.

"ನನ್ನ ಕೋಣೆಗೆ ಯಾರು ಬೀಗ ಹಾಕಿದ್ದು?"

ಅದುಸೇ ಜೇಬಿನಿಂದ ಕೀಲಿ ತೆಗೆದು ಮುಂದೆ ಬಂದ. ಎರಡು ಸಲ ತಪ್ಪು ಕೀಲಿ ಹಾಕಿ, ಮೂರನೆಯದರಲ್ಲಿ ಬೀಗ ತೆಗೆದ. ಫ್ರೇಮಾ ಎಲ್ಲವನ್ನೂ ಹೇಳಿದಳು. ಬಾದು ಕೇಳಿಸಿಕೊಂಡು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವತ್ತು ಊಟಕ್ಕೆ ಬರಲಿಲ್ಲ.

ಆಮೇಲಿನ ದಿನಗಳು ಹೇಗೆ ಕಳೆದವೋ ದೇವರಿಗೇ ಗೊತ್ತು. ಬೀದಿಯ ಮಕ್ಕಳು ಬಾದುವನ್ನು ಕಂಡರೆ ಓಡಿಹೋಗುತ್ತಿದ್ದವು. ಸೆಲೂನಿನವನು ಅವರ ತಲೆ ಮುಟ್ಟಲು ಹಿಂದೆ ಮುಂದೆ ನೋಡಿದ. ಬದುಕಿದ್ದವನಿಗೆ ಸಾವಿನ ಬಟ್ಟೆ ಉಟ್ಟಾಗಿದೆ, ಅವನ ಮೈಗಂಟಿದ ದೋಷ ತೊಳೆಯದೆ ಬಿಟ್ಟರೆ ಸಾವು ನಿಜವಾಗಿಯೇ ಬಂದು ಕೇಳುತ್ತದೆ ಎಂದು ಮನೆತನದ ಹಿರಿಯರು ಒಂದು ಕುರಿ, ಹನ್ನೆರಡು ಮೊಟ್ಟೆ ಕೇಳಿದರು. ಕುರಿಯನ್ನು ಬೆದಿಯಾಕೊ ಕೈಯಲ್ಲೇ ತರಿಸಿದೆ. ಅವನು ಕುರಿಯ ಹಗ್ಗ ಹಿಡಿದುಕೊಂಡೇ ಫ್ರೇಮಾಳ ಹತ್ತಿರ ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು.

"ತಂಗೀ, ಆ ಪುಟ ಯಾಕಮ್ಮ ತೆಗೆದೆ? ಹನ್ನೊಂದು ಸಾವಿರ ಜನ ನೋಡಿದ್ರು. ದುಡ್ಡು ಕೊಟ್ರೂ ಇಂಥ ಪ್ರಚಾರ ಸಿಗಲ್ಲ."

"ಕುರಿ ಬಿಟ್ಟು ಹೊರಡ್ತೀರೋ, ಕುರಿ ಜೊತೆ ನಿಮ್ಮನ್ನೂ ಕಟ್ಟಿಹಾಕ್ಲೋ?" ಎಂದೆ ನಾನು.

ತೊಳೆದದ್ದಾಯಿತು. ಆದರೆ ಬಾದು ಮಗಳ ಜೊತೆ ಮಾತು ಬಿಟ್ಟರು. ಅವಳು ಬಡಿಸಿದ ತಟ್ಟೆ ಮುಟ್ಟುತ್ತಿರಲಿಲ್ಲ. ಅವಳು ಮೇಜಿನ ಒಂದು ಕೊನೆಯಲ್ಲಿ ಹೆಡ್‌ಮಾಸ್ಟರನ ಫೋಟೊ ದೊಡ್ಡದು ಮಾಡುತ್ತ ಕೂತರೆ, ಇವರು ತಟ್ಟೆ ಎತ್ತಿಕೊಂಡು ಅಂಗಳಕ್ಕೆ ಹೋಗುತ್ತಿದ್ದರು.

"ಕೂತಲ್ಲೇ ಕೂತು ಕೀಲಿ ಕುಟ್ಟಿ ಅಪ್ಪನ್ನ ಕೊಂದಳು," ಎಂದು ಗೋಡೆಗೆ ಹೇಳುತ್ತಿದ್ದರು.

ಒಂದು ಸಂಜೆ ನಾನು ಸುಮ್ಮನಿರಲಾರದೆ ಕೇಳಿದೆ. "ಅವಳು ಕೊಂದ್ಲು, ಸರಿ. ಬೀಗ ತಂದವರು ಯಾರು? ಸುದ್ದಿ ಬಂದ ಮೂರು ಗಂಟೆಯೊಳಗೆ ನಂಗೆ ಒಂದು ಪಾತ್ರೆ ಮುಟ್ಟೋ ಹಕ್ಕಿರ್ಲಿಲ್ಲ. ಈಗ್ಲಾದ್ರೂ ಮನೆ ಯಾರದು ಅಂತ ಒಂದು ಮಾತು ಹೇಳ್ಬಿಡಿ."

"ಅದುಸೇ ಮಾಡಿದ್ದು ಪದ್ಧತಿ. ನಾಳೆ ನನ್ನ ಹೂಳೋನು ಅವನೇ. ನಿನ್ನ ಮಗಳೇ ಬರೆದಿದಾಳಲ್ಲ, ಉತ್ತರಾಧಿಕಾರಿ ಅದುಸೇ ಅಂತ."

"ಎಲ್ಲ ಪ್ರಕಟಣೇಲೂ ಆ ಸಾಲು ಇರುತ್ತೆ, ಅದಕ್ಕೆ ಬರೆದೆ ಅಪ್ಪ," ಎಂದಳು ಫ್ರೇಮಾ ಒಳಗಿನಿಂದ.

"ನಾನು ಹನ್ನೊಂದು ವರ್ಷದೋನಿದ್ದೆ," ಎಂದರು ಬಾದು, ನನಗೆ. "ಅಕ್ಕ ಜೋಳದ ಕೆಂಕಿ ಕಡುಬು ಮಾರಿ ನನ್ನ ಗ್ಯಾರೇಜಿಗೆ ಸೇರಿಸಿದ್ಲು. ಅವಳಿಲ್ದಿದ್ರೆ ನಾನು ಫಿಟ್ಟರ್ ಆಗ್ತಿರ್ಲಿಲ್ಲ, ಈ ಮನೇನೂ ಇರ್ತಿರ್ಲಿಲ್ಲ. ಅವಳ ಮಗಂಗೆ ಬಾಗಿಲು ಮುಚ್ಚು ಅಂತೀಯಾ?"

ಅದೂ ಸುಳ್ಳಲ್ಲ.

ಮೂರನೆಯ ವಾರ, ಶನಿವಾರ. ಬೆಂದ ಗೆಣಸಿನ ಫುಫು ಕುಟ್ಟುತ್ತಿದ್ದೆವು. ಫ್ರೇಮಾ ಒನಕೆ ಹಾಕುತ್ತಿದ್ದಳು, ನಾನು ಒರಳಿನಲ್ಲಿ ಕೈಯಾಡಿಸಿ ಮುದ್ದೆ ತಿರುಗಿಸುತ್ತಿದ್ದೆ. ಅವಳು ಇದ್ದಕ್ಕಿದ್ದಂತೆ ಒನಕೆ ನಿಲ್ಲಿಸಿದಳು.

"ಅಮ್ಮ, ನಿಂಗೊಂದು ತೋರಿಸ್ಬೇಕು. ಎಂಟು ದಿನದಿಂದ ಒಳಗೇ ಇಟ್ಕೊಂಡಿದೀನಿ."

ಆ ಪುಟದಲ್ಲಿ ತಿದ್ದುಪಡಿ ಕೇಳುವ ಜಾಗವಿತ್ತಲ್ಲ, ಅಲ್ಲಿ ಬರೆದದ್ದು ಎಲ್ಲಿಗೆ ತಲುಪುತ್ತದೆ ಎಂದು ಪರೀಕ್ಷಿಸಲು ಅವಳು ತನ್ನದೇ ಇಮೇಲ್ ವಿಳಾಸ ಹಾಕಿದ್ದಳಂತೆ. ಸಂತಾಪದ ನೂರಾರು ಕಾಗದಗಳ ನಡುವೆ ಒಂದೇ ಒಂದು ತಿದ್ದುಪಡಿ ಬಂದು ಕೂತಿತ್ತು. ಬುಧವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ. ನನಗೆ ಸುದ್ದಿ ಮುಟ್ಟುವ ಮೊದಲೇ.

'ಪ್ರಕಟಣೆಯವರಿಗೆ. ವಿಧವೆ ಎಂದು ಬರೆದಿರುವ ಹೆಂಗಸಿನ ಹೆಸರು ತೆಗೆಯಿರಿ. ಅವಳಿಗೆ ಮದುವೆಯ ಬಾಟಲಿ ಆಗಿಲ್ಲ. ನನ್ನ ಮಾವ ಕೊಟ್ಟು ಕಳಿಸಿದ್ದು ಹೆಣ್ಣಿನ ಮನೆ ತಲುಪಲಿಲ್ಲ. ಅದು ನನ್ನ ತಾಯಿಯ ಕೈಯಲ್ಲೇ ಉಳಿಯಿತು, ಅವರೇ ಸಾಕ್ಷಿ. ಮಗಳ ಹೆಸರು ಇರಲಿ. ಅದುಸೇ, ಉತ್ತರಾಧಿಕಾರಿ.'

ಎರಡು ಸಲ ಓದಿದೆ. ಅಂಟು ಮೆತ್ತಿದ ಬೆರಳು ಹಾಗೇ ಒಣಗಿದವು. ಮದುವೆಯ ಬಾಟಲಿ ಎಂದರೆ ಎರಡೇ ಬಾಟಲಿ ಜಿನ್ನು, ಮೇಲಿಷ್ಟು ಹಣ. ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ಅದನ್ನು ಇಡದಿದ್ದರೆ ಎಷ್ಟು ವರ್ಷ ಜೊತೆಗಿದ್ದರೂ ಮದುವೆಯಲ್ಲ. ಬಾದು ಅದನ್ನು ಕಳಿಸಿದ ವಾರ ನಾನು ಫ್ರೇಮಾಳನ್ನು ಹೆತ್ತು ಆಸ್ಪತ್ರೆಯಲ್ಲಿದ್ದೆ. 'ಅಕ್ಕ ನಿನ್ನ ತವರು ಬೆಕ್ವಾಯಿಗೆ ಹೋಗಿ ಕೊಟ್ಟು ಬಂದ್ಲು' ಎಂದು ಅವರು ಹೇಳಿದರು, ನಾನು ನಂಬಿದೆ. ಒಪ್ಪಿಸಿಕೊಳ್ಳಬೇಕಾಗಿದ್ದ ನನ್ನ ಸೋದರಮಾವ ಆ ತಿಂಗಳೇ ತೀರಿಕೊಂಡರು. ಆಮೇಲೆ ಯಾರೂ ಕೇಳಲಿಲ್ಲ.

"ಮೂವತ್ತೊಂದು ವರ್ಷ," ಎಂದೆ. "ಹಾಗಾದ್ರೆ ನಾನು ಈ ಮನೇಲಿ ಯಾರೇ?"

ಫ್ರೇಮಾ ಒನಕೆಯನ್ನು ಗೋಡೆಗೆ ಒರಗಿಸಿದಳು. "ಅದಕ್ಕೇ ನಿಂಗೆ ಹೇಳಕ್ಕೆ ಧೈರ್ಯ ಬರ್ಲಿಲ್ಲ," ಎಂದಳು.

ಮರುದಿನವೇ ಅಚಿಯಾಳ ಮನೆಗೆ ಹೋದೆ. ಅವಳು ನೀರು ಕೊಟ್ಟಳು, ಕುಡಿದೆ, ಆಮೇಲೆ ಬಂದ ವಿಷಯ ಕೇಳಿದಳು. ನಮ್ಮಲ್ಲಿ ಜಗಳಕ್ಕೆ ಬಂದವರಿಗೂ ಮೊದಲು ನೀರೇ. ನಾನು ಆ ಕಾಗದ ಓದಿ ಹೇಳಿದೆ. ಅವಳ ತಲೆ ತಗ್ಗಿತು.

"ಈ ಹುಡುಗ ಅದನ್ನೂ ಬರೆದ್ನಾ," ಎಂದಳು.

"ಬರೆದದ್ದು ಇರ್ಲಿ ಅಕ್ಕ, ನಿಜಾನಾ?"

"ನಿಜ."

"ನನ್ನ ಮದುವೆ ದುಡ್ಡು ಏನು ಮಾಡಿದ್ರಿ?"

"ನಿನ್ನ ಮಗು ಹುಟ್ಟಿದ ವಾರ ನನ್ನ ಮಗು ಸಾಯ್ತಾ ಇತ್ತು ತಿವಾ. ಅದುಸೇಗೆ ದಡಾರ. ಬೆಕ್ವಾಯಿಗೆ ಹೊರಟವಳು ದಾರೀಲೇ ಇಳಿದು ಆಸ್ಪತ್ರೆಗೆ ಹೋದೆ. ಬಾಟಲಿ ಮಾರಿದೆ, ದುಡ್ಡು ಡಾಕ್ಟರಿಗೆ ಕೊಟ್ಟೆ. ಮುಂದಿನ ತಿಂಗಳು ಹೊಂದಿಸಿ ಕೊಟ್ರಾಯ್ತು ಅಂದ್ಕೊಂಡೆ. ನಿನ್ನ ಮಾವ ತೀರ್ಕೊಂಡ್ರು. ಆಮೇಲೆ ಯಾವ ಬಾಯಲ್ಲಿ ಹೇಳ್ಲಿ?"

"ಮಗನಿಗೆ ಹೇಳೋಕೆ ಬಾಯಿತ್ತಲ್ಲ."

"ಅವತ್ತು ತಮ್ಮ ಸತ್ತ ಅನ್ನೋ ದುಃಖದಲ್ಲಿ ಬಾಯಿ ಬಿಟ್ಟೆ. ಅವನು ಅದನ್ನೇ ಹಿಡ್ಕೊಂಡ."

ಅವಳ ಮೇಲೆ ಬಾಯಿಗೆ ಬಂದಂತೆ ಕೂಗಾಡಬೇಕೆಂದು ಹೋಗಿದ್ದೆ. ದಡಾರದ ಮಗುವಿನ ಮುಂದೆ ಯಾವ ತಾಯಿ ಏನು ಕೂಗಾಡುತ್ತಾಳೆ? ಆದರೆ ಸಿಟ್ಟು ಮಾತ್ರ ಇಳಿಯಲಿಲ್ಲ. ಅದನ್ನು ಮನೆಗೆ ತಂದು ಬಾದುವಿನ ಮೇಲೆ ಹಾಕಿದೆ. ಅವರು ಕಾಗದ ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಓದಿದರು.

"ನಂಗೆ ಗೊತ್ತಿರ್ಲಿಲ್ಲ," ಎಂದರು.

"ನಂಗೂ ಗೊತ್ತಿರ್ಲಿಲ್ಲ. ಈಗ ಇಬ್ರಿಗೂ ಗೊತ್ತಾಯ್ತಲ್ಲ. ಮದುವೆಯಾಗದ ಗಂಡಸಿಗೆ ನಾನ್ಯಾಕೆ ಬೇಯಿಸಿ ಹಾಕ್ಲಿ?"

ನನ್ನ ಹಾಸಿಗೆ ಫ್ರೇಮಾಳ ಕೋಣೆಗೆ ಹೋಯಿತು. ಸೌಟು ನಾನು ಮುಟ್ಟಲಿಲ್ಲ. ಹನ್ನೊಂದು ದಿನ ಬಾದು ನಾಲ್ಕು ರಸ್ತೆ ಕೂಡುವಲ್ಲಿ ಕೆಂಕಿ ಕೊಂಡು ತಿಂದರು, ಅಂಗಿಯನ್ನು ತಾವೇ ಒಗೆದುಕೊಂಡರು. ಗ್ರೀಸಿನ ಕಲೆ ಹೋಗದೆ ಬಕೆಟ್ಟಿನ ಮುಂದೆ ಪೆಚ್ಚಾಗಿ ಕೂತಿರುತ್ತಿದ್ದರು. ನೋಡಿ ಒಳಗೊಳಗೇ ಅಯ್ಯೋ ಅನಿಸುತ್ತಿತ್ತು, ಆದರೂ ಎದ್ದು ಹೋಗಲಿಲ್ಲ.

ಐದನೆಯ ದಿನ ಫ್ರೇಮಾ ಒಂದು ತಟ್ಟೆಯಲ್ಲಿ ಬೇಯಿಸಿದ ಬಾಳೆಕಾಯಿ, ಸೊಪ್ಪಿನ ಪಲ್ಯ ತಂದು ಅಪ್ಪನ ಮುಂದೆ ಇಟ್ಟಳು. ಅವರು ತಟ್ಟೆಯನ್ನೇ ನೋಡಿದರು.

"ಮತ್ತೆ ಎಲ್ಲಾದ್ರೂ ನನ್ನ ಫೋಟೊ ಹಾಕಿದೀಯೇನೇ?"

"ಇಲ್ಲಪ್ಪ. ಬೆದಿಯಾಕೊ ಕೆಲ್ಸ ಬಿಟ್ಟೆ."

"ಯಾಕೆ ಬಿಟ್ಟೆ? ಅರ್ಧ ಬಿಚ್ಚಿದ ಎಂಜಿನ್ ಬಿಟ್ಟು ಬರ್ತಾರಾ ಯಾರಾದ್ರೂ? ಮುಗಿಸಿ ಕೊಡು. ಹೆಸರು ಮಾತ್ರ ಸುಳ್ಳು ಹಾಕು."

ಅವತ್ತು ಅವರು ಅವಳ ತಟ್ಟೆಯಲ್ಲಿ ಉಂಡರು. ಹನ್ನೆರಡನೆಯ ದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

"ಅಕ್ಕನ ಜೊತೆ ಮಾತಾಡಿದೀನಿ. ಬರೋ ಭಾನುವಾರ ಬೆಕ್ವಾಯಿಗೆ ಬರ್ತೀವಿ. ನಿಮ್ಮನೇಲಿ ಕೂತಿರು."

ನಾನೂ ಫ್ರೇಮಾಳೂ ಶನಿವಾರವೇ ನನ್ನ ತವರಿಗೆ ಹೋದೆವು. ಭಾನುವಾರ ಹತ್ತು ಗಂಟೆಗೆ ಅವರೆಲ್ಲ ಬಂದರು. ಬಿಳಿಬಟ್ಟೆ ಉಟ್ಟ ಬಾದು, ಅವರ ಮನೆತನದ ಇಬ್ಬರು ಹಿರಿಯರು, ಅದುಸೇ. ಬಾಟಲಿಗಳನ್ನು ಹೊತ್ತು ತಂದವಳು ಅಚಿಯಾ. ಅಂಗಳದಲ್ಲಿ ನಮ್ಮವರು ಈ ಕಡೆ, ಅವರು ಆ ಕಡೆ ಎದುರುಬದುರು ಕೂತರು. ನೀರಾಯಿತು, ಬಂದ ವಿಷಯ ಕೇಳಿದ್ದಾಯಿತು. ಅಚಿಯಾ ಎದ್ದು, ಯಾವುದನ್ನೂ ಮುಚ್ಚಿಡದೆ, ದಡಾರದಿಂದ ಹಿಡಿದು ಎಲ್ಲ ಹೇಳಿ, ಎರಡು ಬಾಟಲಿಯನ್ನು ಮೇಜಿನ ಮೇಲಿಟ್ಟಳು.

ಹೆಣ್ಣನ್ನು ಮೂರು ಸಲ ಕೇಳಬೇಕು. ಅವಳು ಒಪ್ಪಿದರೆ ಮಾತ್ರ ಬಾಟಲಿ ಬಿಚ್ಚುವುದು. ನನ್ನ ಸೋದರಮಾವನ ಜಾಗದಲ್ಲಿ ಈಗ ಇರುವ ನನ್ನ ತಮ್ಮ ಕೇಳಿದ.

"ಅಕ್ಕ, ಈ ಮನುಷ್ಯ ನಿನ್ನನ್ನ ಕೇಳಿಕೊಂಡು ಬಂದಿದಾನೆ. ಈ ಬಾಟಲಿ ತಗೊಳ್ಳೋಣವಾ?"

"ಬೇಡ," ಎಂದೆ.

ಫ್ರೇಮಾ ನನ್ನ ತೋಳು ಹಿಡಿದಳು. "ಅಮ್ಮ, ಏನು ಮಾಡ್ತಿದೀಯ?" ಎಂದಳು. ಬಾದು ನನ್ನನ್ನೇ ನೋಡುತ್ತಿದ್ದರು. ತಮ್ಮ ಕೋಣೆಗೆ ಬಿದ್ದ ಬೀಗ ನೋಡಿದಾಗಲೂ ಅವರ ಮುಖ ಹಾಗೆ ಕಳೆಗುಂದಿರಲಿಲ್ಲ.

"ಇನ್ನೊಂದು ಸಲ ಕೇಳ್ತೀನಿ ಅಕ್ಕ. ಯೋಚನೆ ಮಾಡಿ ಹೇಳು. ತಗೊಳ್ಳೋಣವಾ?"

"ಮನೆ ಯಾರದು ಅಂತ ಅವರು ಹೇಳ್ಲಿ. ಎರಡೂ ಕಡೆಯವರು ಇಲ್ಲೇ ಇದಾರೆ. ಹೇಳಿದ್ಮೇಲೆ ಮೂರನೇ ಸಲ ಕೇಳು."

ಬಾದು ಅಕ್ಕನ ಕಡೆ ನೋಡಿದರು, ಅದುಸೇಯ ಕಡೆ ನೋಡಿದರು. ಈ ಮನುಷ್ಯ ಹೇಳಲಾರ ಎಂದು ನನಗೆ ಗೊತ್ತಾಯಿತು. ಎದ್ದು ಒಳಗೆ ಹೋಗಿಬಿಡೋಣ ಎಂದು ಸೆರಗು ಸರಿಮಾಡಿಕೊಂಡೆ.

"ಹೇಳೋ," ಎಂದಳು ಅಚಿಯಾ. "ಚಿಕ್ಕಂದಿನಿಂದ್ಲೂ ನಾನು ಹೇಳಿದ್ಮೇಲೇ ನೀನು ಬಾಯಿ ಬಿಡೋದು. ನನ್ನ ಮಗನ ಜೀವ ಅವಳ ಬಾಟಲಿ ಉಳಿಸ್ತು. ಮನೆ ಅವಳದು ಅನ್ನು."

"ಅಮ್ಮಾ," ಎಂದ ಅದುಸೇ.

"ನೀನು ಸುಮ್ನಿರು."

"ಮನೆ ತಿವಾಂದು," ಎಂದರು ಬಾದು. "ಅವಳದು, ಅವಳ ಮಗಳದು. ಎಂಟೂ ಕೋಣೆ. ಕಾಗದಾನೂ ಬರೆಸ್ತೀನಿ."

ಕೊಟ್ಟದ್ದು ಗಟ್ಟಿಯಾಗಬೇಕಾದರೆ ಪಡೆದವರು ಉಪಕಾರದ ಬಾಟಲಿ ಇಡಬೇಕು, ಕೊಟ್ಟವರ ಮನೆತನ ಅದನ್ನು ಕುಡಿಯಬೇಕು. ಕುಡಿಯದಿದ್ದರೆ ಅದು ಬರೀ ಬಾಯಿಮಾತು. ನಾನು ಏನನ್ನೂ ತಂದಿರಲಿಲ್ಲ, ಇಂಥದ್ದು ನಡೆದೀತೆಂದು ಯಾರು ಕನಸು ಕಂಡಿದ್ದರು? ಫ್ರೇಮಾ ಅಂಗಡಿಗೆ ಓಡಿದಳು. ಏದುಸಿರು ಬಿಡುತ್ತ ಬಂದು ಬಾಟಲಿ ಇಟ್ಟಳು. ಮೊದಲು ಅಚಿಯಾ ಕುಡಿದಳು. ಆಮೇಲೆ ಹಿರಿಯರಿಬ್ಬರು. ಗ್ಲಾಸು ಅದುಸೇಯ ಕೈಗೆ ಬಂತು.

ಅವನು ಅದನ್ನು ಕುಡಿಯದೆ ಮಂಡಿಯ ಮೇಲಿಟ್ಟುಕೊಂಡ. ಎಂಟು ಕೋಣೆಯ ಮನೆ ಅವನಿಗೆ ಸಿಗಬೇಕಾಗಿತ್ತು, ಹುಟ್ಟಿದಾಗಿನಿಂದ ಅವನು ಹಾಗೆಂದೇ ಬೆಳೆದವನು.

"ಅವತ್ತು ನಿಮ್ಮ ಹೆಸರು ತೆಗೀರಿ ಅಂತ ಬರೀಬಾರದಿತ್ತು ಅತ್ತೆ," ಎಂದ. ಗ್ಲಾಸು ಎತ್ತಿ ಪೂರ್ತಿ ಕುಡಿದು ಕೆಳಗಿಟ್ಟ.

ನನ್ನ ತಮ್ಮ ಮತ್ತೆ ನನ್ನ ಕಡೆ ತಿರುಗಿದ.

"ಅಕ್ಕ, ಮೂರನೇ ಸಲ ಕೇಳ್ತಿದೀನಿ. ಬಾಟಲಿ ತಗೊಳ್ಳೋಣವಾ?"

ನನಗೆ ಐವತ್ತೆಂಟು ವರ್ಷ. ಎದೆ ಹೊಡೆದುಕೊಳ್ಳುವುದು ಎಲ್ಲರಿಗೂ ಕೇಳಿಸುತ್ತಿದೆಯೇನೋ ಎಂದು ನಾಚಿಕೆಯಾಯಿತು.

"ತಗೊಳ್ಳಿ," ಎಂದೆ.